ಬಿಲಿಯರ್ಡ್ಸ್ ಆಟದಲ್ಲಿ ಲಕ್ಷ್ಯಸಾಧನ

ಬಿಲಿಯರ್ಡ್ಸೆಂಬ ಹೆಸರನ್ನೆತ್ತಿದೊಡನೆಯೇ ನಮ್ಮ ಗೃಹಸ್ಥರಲ್ಲಿ ಅನೇಕರು ಹುಬ್ಬುಗಂಟಿಕ್ಕುವುದುಂಟು. ಕ್ಲಬ್ಬುಗಳಲ್ಲಿ ಹೊತ್ತು ಕಳೆಯುವ ಸಿರಿವಂತರ ವಿಲಾಸವೆಂದು ಕೆಲವರು, ಪಣವೊಡ್ಡುವವರ ಬೀಡೆಂದು ಕೆಲವರು ಅದನ್ನು ದೂರವಿಡುವರು. ಈ ಅಭಿಪ್ರಾಯಕ್ಕೆ ಹಿಂದೆ ಆಧಾರವಿಲ್ಲದಿರಲಿಲ್ಲ. ಆದರೆ ಈಗ ನಮ್ಮ ಪಟ್ಟಣಗಳಲ್ಲಿ ಸಾಮಾನ್ಯ ಮನೆತನದ ಮಕ್ಕಳೂ ಬಿಲಿಯರ್ಡ್ಸನ್ನೂ, ಸ್ನೂಕರ್ ಮತ್ತು ಪೂಲ್ ಎಂಬ ಅದರ ಸೋದರ ಕ್ರೀಡೆಗಳನ್ನೂ ಆಡುತ್ತಿರುವುದರಿಂದ, ಅದರೊಳಗೇನಿದೆಯೆಂಬುದನ್ನು ಹಿರಿಯರೂ ತಿಳಿದಿರುವುದು ಯುಕ್ತ. ಆಟದ ನಿಯಮಗಳನ್ನಾಗಲಿ, ಅಂಕಗಳ ಲೆಕ್ಕವನ್ನಾಗಲಿ ನಾವಿಲ್ಲಿ ವಿವರಿಸಹೊರಟಿಲ್ಲ. ಮೂರು ಆಟಗಳಿಗೂ ಸಮಾನವಾದ ಒಂದೇ ವಿಷಯವನ್ನು, ಎಂದರೆ ಗುರಿಯಿಡುವ ವಿದ್ಯೆಯನ್ನು, ಕೈಗೆತ್ತಿಕೊಂಡಿದ್ದೇವೆ. ಬಹುಕಾಲ ಶಾಲೆಯಲ್ಲಿ ಪಾಠ ಹೇಳಿದ ನಮಗೆ, ಕಲಿಯುವವನು ಎಲ್ಲಿ ಎಡವುತ್ತಾನೆಂಬುದನ್ನು ಹುಡುಕುವುದೇ ಅಭ್ಯಾಸವಾಗಿಬಿಟ್ಟಿದೆ. ಈ ಆಟದಲ್ಲಿಯಾದರೋ ಎಡವುವ ಸ್ಥಳವು ಬಹು ಸ್ವಾರಸ್ಯವಾದುದು.

ಈ ಆಟವು ಪರದೇಶದ್ದೆಂದು ಹೇಳುವವರು ಒಂದು ಸಂಗತಿಯನ್ನು ನೆನೆಯಬೇಕು. ಸ್ನೂಕರು ಹುಟ್ಟಿದುದು ಭಾರತದಲ್ಲಿಯೇ. ೧೮೭೫ರಲ್ಲಿ ಜಬಲ್ಪುರದ ಸೈನಿಕ ಅಧಿಕಾರಿಗಳ ಕೊಠಡಿಯಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವಕ ಅಧಿಕಾರಿಯು ಬಣ್ಣದ ಚೆಂಡುಗಳನ್ನು ಸೇರಿಸಿ ಅದನ್ನು ಕಲ್ಪಿಸಿದನು. ಮುಂದೆ ಇಂಗ್ಲೆಂಡಿನ ಪ್ರಧಾನಮಂತ್ರಿಯಾದ ಅದೇ ಹೆಸರಿನ ಮಹನೀಯನು ಬೇರೆ. ಬಳಿಕ ನಮ್ಮ ನೆರೆಯ ಉದಕಮಂಡಲದ ಕ್ಲಬ್ಬಿನಲ್ಲಿ ಅದರ ನಿಯಮಗಳು ನೆಲೆಗೊಂಡವು. ೧೯೫೮ರಲ್ಲಿ ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸ್ ಅವರು ಹವ್ಯಾಸಿ ಬಿಲಿಯರ್ಡ್ಸಿನ ವಿಶ್ವಪ್ರಶಸ್ತಿಯನ್ನು ಗೆದ್ದರು. ನಮ್ಮ ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿಯವರು, ಅರವಿಂದ್ ಸವೂರ್ ಅವರ ಶಿಕ್ಷಣದಲ್ಲಿ ಪಳಗಿ, ೨೦೦೩ರಲ್ಲಿ ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿಯೇ ಚೀನಾ ದೇಶದಲ್ಲಿ ಸ್ನೂಕರಿನ ಹವ್ಯಾಸಿ ವಿಶ್ವಪ್ರಶಸ್ತಿಯನ್ನು ಪಡೆದರು; ಅನಂತರ ಬಿಲಿಯರ್ಡ್ಸಿನಲ್ಲಿಯೂ ಸ್ನೂಕರಿನಲ್ಲಿಯೂ ಅವರು ಗಳಿಸಿದ ವಿಶ್ವಪ್ರಶಸ್ತಿಗಳು ಇಪ್ಪತ್ತನ್ನು ಮೀರಿವೆ. ಇತಿಹಾಸವು ಇಷ್ಟು ಸಾಕು.

ಮೇಜಿನ ಬಳಿಗೆ ಬರೋಣ. ಬಿಲಿಯರ್ಡ್ಸ್ ಮತ್ತು ಸ್ನೂಕರಿನ ಪೂರ್ಣಪ್ರಮಾಣದ ಮೇಜಿನಲ್ಲಿ ಆಡುವ ಜಾಗವು ೩೫೬೯ ಮಿಲಿಮೀಟರು ಉದ್ದ, ೧೭೭೮ ಮಿಲಿಮೀಟರು ಅಗಲ. ಚೆಂಡಿನ ವ್ಯಾಸವು ಐವತ್ತೆರಡೂವರೆ ಮಿಲಿಮೀಟರು. ಪೂಲಿನ ಚೆಂಡು ೫೭ ಮಿಲಿಮೀಟರಿಗಿಂತ ತುಸು ಹೆಚ್ಚು. ಆಟಗಾರನು ತನ್ನ ಕೋಲಿನಿಂದ ತನಗೆ ಗೊತ್ತುಮಾಡಿದ ಒಂದು ಚೆಂಡನ್ನು ಮಾತ್ರ ಹೊಡೆಯತಕ್ಕದ್ದು. ಇದನ್ನು ನಾವು ಹೊಡೆಚೆಂಡೆಂದು ಕರೆಯೋಣ. ಅದು ಹೋಗಿ ಮತ್ತೊಂದು ಚೆಂಡನ್ನು, ಎಂದರೆ ಗುರಿಚೆಂಡನ್ನು, ತಾಕಿ ಮೂಲೆಯ ಅಥವಾ ನಡುವಿನ ಜೇಬಿಗೆ ಬೀಳಿಸಬೇಕು. ಬಾಣವನ್ನೆಸೆಯುವವನು ಗುರಿಯನ್ನು ನೋಡಿ ಎಸೆದರೆ ಸಾಕು. ಇಲ್ಲಿಯಾದರೋ ಒಂದನ್ನು ಹೊಡೆದು, ಅದರಿಂದ ಮತ್ತೊಂದನ್ನು ಹೊಡೆಸಿ, ಆ ಮತ್ತೊಂದನ್ನು ಮೂರನೆಯ ಕಡೆಗೆ ಕಳುಹಬೇಕು. ಚೆಂಡುಗಳು ದುಂಡಗಿರುವುದರಿಂದ ಕೆಲಸವು ಇನ್ನೂ ತೊಡಕಾಗುವುದು.

ಎರಡು ಚೆಂಡುಗಳು ತಾಕುವಾಗ ಗುರಿಚೆಂಡು ಯಾವ ದಿಕ್ಕಿಗೆ ಹೊರಡುವುದು? ತಾಕಿದ ಕ್ಷಣದಲ್ಲಿ ಹೊಡೆಚೆಂಡಿನ ಕೇಂದ್ರದಿಂದ ಗುರಿಚೆಂಡಿನ ಕೇಂದ್ರಕ್ಕೆ ಎಳೆದ ಗೆರೆಯ ದಿಕ್ಕಿಗೆ. ಇದೇ ಮೂಲಸೂತ್ರ. ಆದ್ದರಿಂದ ಜೇಬಿನಿಂದ ಗುರಿಚೆಂಡಿನ ಕೇಂದ್ರದ ಮೂಲಕ ಒಂದು ಗೆರೆಯನ್ನು ಹಿಂದಕ್ಕೆ ಎಳೆದು, ಕೇಂದ್ರದಿಂದ ಸರಿಯಾಗಿ ಒಂದು ಚೆಂಡಿನ ವ್ಯಾಸದಷ್ಟು ದೂರದಲ್ಲಿ ಒಂದು ಬಿಂದುವನ್ನು ಗುರುತಿಸಿದರೆ, ತಾಕುವ ಕ್ಷಣದಲ್ಲಿ ಹೊಡೆಚೆಂಡಿನ ಕೇಂದ್ರವು ಅಲ್ಲಿರಬೇಕು. ಅಲ್ಲಿ ಒಂದು ಚೆಂಡು ಈಗಾಗಲೇ ಕುಳಿತಿದೆಯೆಂದು ಭಾವಿಸಿ, ಅದರ ಕೇಂದ್ರಕ್ಕೆ ಗುರಿಯಿಡುವುದು ಮೊದಲನೆಯ ವಿಧಾನ. ಆಂಗ್ಲರು ಅದಕ್ಕೆ ಪಿಶಾಚಿಯ ಚೆಂಡೆಂದು ಹೆಸರಿಟ್ಟಿದ್ದಾರೆ. ನಾವು ಛಾಯಾಕಂದುಕವೆನ್ನೋಣ, ಮಕ್ಕಳು ಹೆದರಲಾರರು.

ದ್ರೋಣಾಚಾರ್ಯರು ಶಿಷ್ಯರನ್ನು ಪರೀಕ್ಷಿಸಿದ ಕಥೆಯನ್ನು ಅರಿಯದವರಾರು? ಅರ್ಜುನನಿಗೆ ಮರವೂ ಕಾಣಲಿಲ್ಲ, ಕೊಂಬೆಯೂ ಕಾಣಲಿಲ್ಲ. ಹಕ್ಕಿಯ ಕಣ್ಣೊಂದೇ ಕಂಡಿತು. ಏಕಾಗ್ರತೆಗೆ ಇದಕ್ಕಿಂತ ದೊಡ್ಡ ಉದಾಹರಣೆಯಿಲ್ಲವೆಂದು ನಾವೂ ಹುಡುಗರಿಗೆ ಹೇಳುತ್ತ ಬಂದವರೇ. ಆದರೆ ಬಿಲಿಯರ್ಡ್ಸ್ ಮೇಜಿನ ಮುಂದೆ ಅರ್ಜುನನ ಉತ್ತರವು ಪೂರ್ತಿಯಾಗಿ ಸಲ್ಲದು. ಇಲ್ಲಿ ಗುರಿಯೆಂಬುದು ಕಾಣುವ ವಸ್ತುವಲ್ಲ; ಏನೂ ಇಲ್ಲದ ಒಂದು ಬಯಲು ಜಾಗ. ಹಕ್ಕಿಯ ಪಕ್ಕದ ಆಕಾಶವನ್ನು ನೋಡೆಂದು ಹೇಳಿದಂತೆ! ಕಣ್ಣು ಕಾಣುವುದನ್ನೇ ಹಿಡಿಯುವ ಸ್ವಭಾವದ್ದು. ಇಲ್ಲದುದರ ಮೇಲೆ ಅದು ನಿಲ್ಲಲೊಲ್ಲದು. ಅದೇ ಕಾರಣದಿಂದ ಹೊಸಬರೆಲ್ಲರೂ ಒಂದೇ ಬಗೆಯಾಗಿ ತಪ್ಪುವರು.

ಆ ತಪ್ಪು ಎಂತಹದೆಂದರೆ: ಗುರಿಚೆಂಡಿನ ಯಾವ ಜಾಗವನ್ನು ತಾಕಿದರೆ ಅದು ಜೇಬಿಗೆ ಹೋಗುವುದೋ ಆ ಸ್ಪರ್ಶಬಿಂದುವನ್ನು ಹುಡುಗನು ಸರಿಯಾಗಿಯೇ ಕಂಡುಕೊಳ್ಳುವನು. ಬಳಿಕ ಹೊಡೆಚೆಂಡಿನ ಕೇಂದ್ರವನ್ನು ನೇರವಾಗಿ ಅದೇ ಬಿಂದುವಿಗೆ ಕಳುಹಿಸುವನು. ಹೊಡೆಚೆಂಡಿಗೂ ಮೈಯಿದೆಯೆಂಬುದನ್ನು ಅವನು ಮರೆತನು. ಕೇಂದ್ರವು ಆ ಬಿಂದುವನ್ನು ಮುಟ್ಟುವುದಕ್ಕೆ ಮೊದಲೇ ಚೆಂಡಿನ ಹೊಟ್ಟೆಯು ಗುರಿಚೆಂಡಿನ ಬೇರೊಂದು ಜಾಗವನ್ನು, ನಡುವಿಗೆ ಹತ್ತಿರವಾದ ಜಾಗವನ್ನು, ತಾಕಿಬಿಡುವುದು. ಲೆಕ್ಕ ಹಾಕಿ ನೋಡಿದರೆ, ಗುರಿಚೆಂಡಿನ ನಡುಗೆರೆಯಿಂದ ಸ್ಪರ್ಶಬಿಂದುವು ಎಷ್ಟು ಸರಿದಿದೆಯೋ ಅದರ ಸರಿಯಾಗಿ ಎರಡರಷ್ಟು ಸರಿದ ಕಡೆಗೆ ಹೊಡೆಚೆಂಡಿನ ಕೇಂದ್ರವನ್ನು ಒಯ್ಯಬೇಕು. ಮೂವತ್ತು ಡಿಗ್ರಿ ಓರೆಯಾಗಿ ಕಳುಹಬೇಕಾದ ಚೆಂಡಿಗೆ ಸ್ಪರ್ಶಬಿಂದುವನ್ನೇ ಗುರಿಯಾಗಿಟ್ಟರೆ ಅದು ಹದಿನಾಲ್ಕೂವರೆ ಡಿಗ್ರಿ ಮಾತ್ರ ಓರೆಯಾಗುವುದು, ಅರ್ಧಕ್ಕೂ ಕಡಿಮೆ. ಹೊಸಬನ ಚೆಂಡು ಯಾವಾಗಲೂ ಜೇಬಿನ ಒಂದೇ ಪಕ್ಕಕ್ಕೆ ತಪ್ಪುವುದರ ಗುಟ್ಟು ಇದೇ. ಒಂದೇ ಪಕ್ಕಕ್ಕೆ ಬೀಳುವ ತಪ್ಪು ಅದೃಷ್ಟದ್ದಲ್ಲ, ತಿಳಿವಳಿಕೆಯದು. ಗಣಿತದ ಉತ್ತರಪತ್ರಿಕೆಗಳನ್ನು ತಿದ್ದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ವಿಧಾನವು ಭಾಗಗಳ ಲೆಕ್ಕದ್ದು. ಹೊಡೆಯುವವನ ಕಡೆಯಿಂದ ನೋಡಿದಾಗ ಹೊಡೆಚೆಂಡು ಗುರಿಚೆಂಡನ್ನು ಎಷ್ಟರಮಟ್ಟಿಗೆ ಮರೆಮಾಡುವುದೆಂಬುದರ ಮೇಲೆ ಇದು ನಿಂತಿದೆ. ಪೂರ್ತಿ ಮರೆಮಾಡಿದರೆ ಗುರಿಚೆಂಡು ನೇರವಾಗಿ ಹೋಗುವುದು. ಮುಕ್ಕಾಲು ಮರೆಯಾದರೆ ಹದಿನಾಲ್ಕೂವರೆ ಡಿಗ್ರಿ, ಅರ್ಧ ಮರೆಯಾದರೆ ಮೂವತ್ತು, ಕಾಲು ಮಾತ್ರ ಮರೆಯಾದರೆ ನಲವತ್ತೆಂಟೂವರೆಯಷ್ಟು ಓರೆ. ಇವುಗಳಲ್ಲಿ ಅರ್ಧಚೆಂಡಿನ ಹೊಡೆತವು ಎಲ್ಲಕ್ಕಿಂತ ಸುಲಭ. ಏಕೆಂದರೆ ಅದರಲ್ಲಿ ಗುರಿಚೆಂಡಿನ ಅಂಚಿಗೇ ಕೋಲನ್ನು ನೇರಮಾಡಿದರಾಯಿತು. ಅಂಚು ಕಣ್ಣಿಗೆ ಕಾಣುವ ವಸ್ತು. ಈ ವಿಧಾನದ ಬೆಲೆಯನ್ನು ನಮ್ಮ ಶಾಸ್ತ್ರಕಾರರು ಸ್ಥೂಲಾರುಂಧತೀನ್ಯಾಯವೆಂದು ಕರೆದ ಮಾತಿನಿಂದ ತಿಳಿಯಬಹುದು. ಮದುವೆಯಲ್ಲಿ ವಧುವಿಗೆ ಅರುಂಧತಿಯನ್ನು ತೋರಿಸುವಾಗ ಮೊದಲು ಹತ್ತಿರದ ದೊಡ್ಡ ನಕ್ಷತ್ರವನ್ನು ತೋರಿಸಿ, ಬಳಿಕ ಅದರ ಪಕ್ಕದ ಸಣ್ಣದಕ್ಕೆ ದೃಷ್ಟಿಯನ್ನು ಒಯ್ಯುವರಷ್ಟೆ. ಹಾಗೆಯೇ ಇಲ್ಲಿಯೂ ಅರ್ಧ, ಮುಕ್ಕಾಲು, ಕಾಲು ಎಂಬ ದೊಡ್ಡ ನಕ್ಷತ್ರಗಳನ್ನು ಮೊದಲು ಹಿಡಿದು, ಅವುಗಳ ನಡುವಣ ಸೂಕ್ಷ್ಮಕ್ಕೆ ಆಮೇಲೆ ಇಳಿಯತಕ್ಕದ್ದು.

ಸೂಕ್ಷ್ಮವೆಂದೆವು, ಎಷ್ಟು ಸೂಕ್ಷ್ಮ? ತಾಕುವ ಕ್ಷಣದಲ್ಲಿ ಹೊಡೆಚೆಂಡು ತನ್ನ ಜಾಗದಿಂದ ಒಂದೇ ಒಂದು ಮಿಲಿಮೀಟರು ಪಕ್ಕಕ್ಕೆ ಸರಿದಿತ್ತೆನ್ನೋಣ. ನೇರವಾದ ಹೊಡೆತದಲ್ಲಿ ಗುರಿಚೆಂಡಿನ ದಿಕ್ಕು ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಕೆಡುವುದು. ಜೇಬು ಎರಡು ಮೀಟರು ದೂರದಲ್ಲಿದ್ದರೆ ಚೆಂಡು ಅಲ್ಲಿಗೆ ಹೋಗುವಷ್ಟರಲ್ಲಿ ಸುಮಾರು ೩೮ ಮಿಲಿಮೀಟರು ಬದಿಗೆ ಸರಿದಿರುವುದು. ಸ್ನೂಕರು ಮೇಜಿನ ಜೇಬಿನ ಬಾಯಿ ಸುಮಾರು ಮೂರೂವರೆ ಅಂಗುಲ. ಅದರಲ್ಲಿ ಚೆಂಡಿನ ಗಾತ್ರವನ್ನು ಕಳೆದರೆ ಎರಡು ಪಕ್ಕಗಳಿಗೂ ಉಳಿಯುವ ಅವಕಾಶ ಸುಮಾರು ಹದಿನೆಂಟು ಮಿಲಿಮೀಟರು ಮಾತ್ರ. ಎಂದರೆ ಅರ್ಧ ಮಿಲಿಮೀಟರಿನ ತಪ್ಪನ್ನು ಜೇಬು ಕ್ಷಮಿಸೀತು. ಒಂದು ಮಿಲಿಮೀಟರನ್ನು ಕ್ಷಮಿಸದು. ಅರವತ್ತು ಡಿಗ್ರಿ ಓರೆಯ ಹೊಡೆತದಲ್ಲಿ ಇದೇ ತಪ್ಪು ಎರಡರಷ್ಟು ಬೆಳೆಯುವುದು. ತೆಳುವಾದ ಹೊಡೆತಗಳನ್ನು ಕಂಡು ನುರಿತವರೂ ಹಿಂಜರಿಯುವುದು ಸುಮ್ಮನಲ್ಲ.

ಇಲ್ಲಿ ನಮಗೆ ಮುಖ್ಯವೆಂದು ತೋರಿದ ಒಂದು ವಿಷಯವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಿತರೊಬ್ಬರು ತಮ್ಮ ಹದಿನೈದು ವರ್ಷದ ಮಗನನ್ನು ಕರೆತಂದರು. ಎರಡು ವರ್ಷ ಶ್ರದ್ಧೆಯಿಂದ ಅಭ್ಯಾಸ ಮಾಡಿದ ಹುಡುಗನಿಗೆ ಕಲಿಸುವವರೊಬ್ಬರು, ನಿನಗೆ ಕಣ್ಣಿನ ವರವಿಲ್ಲ, ಇದನ್ನು ಬಿಟ್ಟುಬಿಡು ಎಂದಿದ್ದರಂತೆ. ಹುಡುಗನು ಆಟವನ್ನು ಮಾತ್ರವಲ್ಲ, ಓದನ್ನೂ ಬಿಟ್ಟವನಂತೆ ಮಂಕಾಗಿ ಕುಳಿತಿದ್ದನು. ತನ್ನಲ್ಲಿ ಹುಟ್ಟಿನಿಂದಲೇ ಏನೋ ಕೊರತೆಯಿದೆಯೆಂದು ಒಮ್ಮೆ ನಂಬಿದ ಮಗುವನ್ನು ಎತ್ತಿ ನಿಲ್ಲಿಸುವುದು ಎಷ್ಟು ಕಷ್ಟವೆಂಬುದು ಉಪಾಧ್ಯಾಯರಿಗೆ ಗೊತ್ತು. ನಾವು ಒಂದು ಹಲಗೆಯ ಮೇಲೆ ಎರಡು ನಾಣ್ಯಗಳನ್ನಿಟ್ಟು, ಒಂದು ಮೂಲೆಯನ್ನು ಜೇಬೆಂದು ತೋರಿಸಿ, ಎಲ್ಲಿಗೆ ಗುರಿಯಿಡುವೆಯೆಂದು ಹತ್ತಿಪ್ಪತ್ತು ಬಗೆಯಾಗಿ ಕೇಳಿದೆವು. ಅವನು ಬೆರಳಿಟ್ಟು ತೋರಿಸಿದ ಜಾಗಗಳು ಅಳತೆಯ ಪಟ್ಟಿಯಿಂದ ನೋಡಿದರೂ ಬಹುಮಟ್ಟಿಗೆ ಸರಿಯಾಗಿದ್ದವು. ಕಣ್ಣಿನಲ್ಲಿ ದೋಷವಿರಲಿಲ್ಲ. ಹಾಗಾದರೆ ಚೆಂಡು ತಪ್ಪುತ್ತಿದ್ದುದೇಕೆ?

ಅದನ್ನು ತಿಳಿಯಲು ಆಟಗಾರರಲ್ಲಿ ಒಂದು ಹಳೆಯ ಪರೀಕ್ಷೆಯಿದೆ. ಸ್ನೂಕರು ಮೇಜಿನ ಉದ್ದಕ್ಕೂ ನಡುಗೆರೆಯ ಮೇಲೆ ಕಂದು, ನೀಲಿ, ಗುಲಾಬಿ, ಕಪ್ಪು ಚೆಂಡುಗಳ ಚುಕ್ಕೆಗಳಿರುವುವು. ಬೇರಾವ ಚೆಂಡೂ ಇಲ್ಲದೆ, ಕಂದು ಚುಕ್ಕೆಯ ಮೇಲೆ ಬಿಳಿಯ ಚೆಂಡನ್ನಿಟ್ಟು, ಉಳಿದ ಚುಕ್ಕೆಗಳ ಮೇಲೆ ಹಾಯುವಂತೆ ಹೊಡೆಯಬೇಕು. ಅದು ಎದುರಿನ ಕುಶನ್ನನ್ನು ಮುಟ್ಟಿ, ಅದೇ ಚುಕ್ಕೆಗಳ ಮೇಲೆ ಹಿಂದಿರುಗಿ, ಕೋಲಿನ ತುದಿಗೇ ಬಂದು ತಾಕಬೇಕು. ಪಕ್ಕಕ್ಕೆ ಬಂದರೆ ಕೋಲು ಓರೆಯಾಗಿ ಚಲಿಸಿತೆಂದೋ, ಚೆಂಡಿನ ನಡುವನ್ನು ಬಿಟ್ಟು ಬದಿಯನ್ನು ತಾಕಿತೆಂದೋ ಅರ್ಥ. ಆ ಹುಡುಗನ ಚೆಂಡು ಹತ್ತು ಸಲದಲ್ಲಿ ಎಂಟು ಸಲ ಬಲಗಡೆಗೆ ಬಂದಿತಂತೆ. ಅವನ ಮೊಣಕೈ ಹೊಡೆಯುವಾಗ ಮೈಯಿಂದ ದೂರ ಸರಿಯುತ್ತಿತ್ತು, ಅಷ್ಟೇ. ಗುರಿಯಿಡುವುದು ಬೇರೆ, ಇಟ್ಟ ಗುರಿಗೆ ಕೋಲನ್ನು ಒಯ್ಯುವುದು ಬೇರೆ. ಎರಡರ ಫಲವೂ ಒಂದೇ ಆಗಿ ಕಾಣುವುದರಿಂದ ಕೈಯ ತಪ್ಪನ್ನು ಕಣ್ಣಿನ ಮೇಲೆ ಹೊರಿಸುವರು. ಬಹು ಮಂದಿಯ ವಿಷಯದಲ್ಲಿ ಹೀಗೆಯೇ ನಡೆದಿದೆಯೆಂದು ನಮ್ಮ ಊಹೆ. ಮಗುವನ್ನು ಅಯೋಗ್ಯನೆನ್ನುವ ಮೊದಲು ಐದು ನಿಮಿಷದ ಪರೀಕ್ಷೆಯನ್ನಾದರೂ ಮಾಡಬಾರದೇ?

ಲೆಕ್ಕವು ಸರಿಯಾಗಿ, ಕೈಯೂ ಸರಿಯಾಗಿದ್ದರೂ ಚೆಂಡು ತುಸು ತಪ್ಪುವ ಸಂದರ್ಭಗಳಿವೆ. ಓರೆಯಾಗಿ ತಾಕಿದ ಚೆಂಡುಗಳು ಒಂದನ್ನೊಂದು ಉಜ್ಜುವುವು. ಆ ಘರ್ಷಣೆಯಿಂದ ಗುರಿಚೆಂಡು ಹೊಡೆಚೆಂಡಿನ ದಿಕ್ಕಿಗೆ ಸ್ವಲ್ಪ ಎಳೆಯಲ್ಪಡುವುದು. ಮೆಲ್ಲಗೆ ಹೊಡೆದಾಗ ಈ ಸೆಳೆತ ಹೆಚ್ಚು. ಕೆಲವು ಸಲ ಮೂರು ನಾಲ್ಕು ಡಿಗ್ರಿಗಳಷ್ಟಾಗಬಹುದು. ಆದ್ದರಿಂದ ಬಲ್ಲವರು ಗಣಿತವು ತೋರಿದ ಜಾಗಕ್ಕಿಂತ ಕೂದಲೆಳೆಯಷ್ಟು ತೆಳುವಾಗಿ ತಾಕಿಸುವರು. ಇದಲ್ಲದೆ, ಹೊಡೆಚೆಂಡಿಗೆ ಗಿರಕಿ ಕೊಡಲೆಂದು ಅದರ ಬಲಬದಿಯನ್ನು ಹೊಡೆದರೆ ಅದು ಕೋಲಿನ ಗೆರೆಯಿಂದ ತುಸು ಎಡಕ್ಕೆ ಜಿಗಿಯುವುದು. ಹೊಸಬರಿಗೆ ನಮ್ಮ ಸಲಹೆ ಇಷ್ಟೇ: ಗಿರಕಿಯ ಮೋಹವನ್ನು ಒಂದು ವರ್ಷ ಬಿಟ್ಟಿರಿ.

ಇನ್ನು ಹೊಡೆಚೆಂಡಿನ ಗತಿ. ಬಿಲಿಯರ್ಡ್ಸಿನಲ್ಲಿ ಹೊಡೆಚೆಂಡೇ ಮತ್ತೊಂದನ್ನು ತಾಕಿ ತಾನು ಜೇಬಿಗೆ ಬಿದ್ದರೂ ಅಂಕಗಳುಂಟು. ಅಲ್ಲಿ ಗುರಿಯೆಂಬುದು ಬೇರೆ ಅರ್ಥವನ್ನೇ ತಾಳುವುದು. ಫ್ರಾನ್ಸಿನ ಗಣಿತಜ್ಞನಾದ ಕೊರಿಯೋಲಿಸನು ೧೮೩೫ರಲ್ಲಿ ಬಿಲಿಯರ್ಡ್ಸಿನ ಗಣಿತವನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದನು. ಭೂಮಿಯ ಭ್ರಮಣದಿಂದ ಗಾಳಿಯು ಓರೆಯಾಗುವ ಪ್ರಸಂಗದಲ್ಲಿ ವಿದ್ಯಾರ್ಥಿಗಳು ಕೇಳುವ ಹೆಸರೂ ಇವನದೇ. ಉರುಳುತ್ತಿರುವ ಹೊಡೆಚೆಂಡು ನಿಂತ ಚೆಂಡನ್ನು ತಾಕಿದಾಗ ಎಷ್ಟು ತಿರುಗುವುದೆಂಬುದನ್ನು ಲೆಕ್ಕ ಮಾಡಿದರೆ, ಸುಮಾರಾಗಿ ಅರ್ಧಚೆಂಡಿನ ಹೊಡೆತದಲ್ಲಿಯೇ ಆ ತಿರುವು ಗರಿಷ್ಠವಾಗುವುದು: ಮೂವತ್ತನಾಲ್ಕು ಡಿಗ್ರಿಗಳ ಹತ್ತಿರ. ಮುಕ್ಕಾಲು ಚೆಂಡನ್ನು ತಾಕಿದರೂ, ಕಾಲು ಚೆಂಡನ್ನು ತಾಕಿದರೂ ಅದು ಇಪ್ಪತ್ತೇಳಕ್ಕಿಂತ ಕೆಳಗಿಳಿಯದು. ಬೆಟ್ಟದ ನೆತ್ತಿಯಲ್ಲಿ ನಾಲ್ಕು ಹೆಜ್ಜೆ ಅತ್ತಿತ್ತ ನಡೆದರೂ ಎತ್ತರವು ಹೆಚ್ಚು ಬದಲಾಗುವುದಿಲ್ಲವಷ್ಟೆ. ಗರಿಷ್ಠದ ಸ್ವಭಾವವೇ ಹಾಗೆ. ಆದ್ದರಿಂದ ಅರ್ಧಚೆಂಡಿನ ಹೊಡೆತದಲ್ಲಿ ಗುರಿಯು ಸ್ವಲ್ಪ ತಪ್ಪಿದರೂ ಹೊಡೆಚೆಂಡು ಹೆಚ್ಚುಕಡಮೆ ಅದೇ ದಾರಿಯನ್ನು ಹಿಡಿಯುವುದು. ಬಿಲಿಯರ್ಡ್ಸಿನ ನಿಪುಣರು ಚೆಂಡುಗಳನ್ನು ಮತ್ತೆ ಮತ್ತೆ ಅದೇ ಕೋನಕ್ಕೆ ತಂದುಕೊಂಡು ಅಂಕಗಳನ್ನು ಕೂಡಿಸುವುದನ್ನು ಕಂಡವರು ಅದನ್ನು ಕೈಚಳಕವೆನ್ನುವರು. ತಪ್ಪಿಗೆ ಎಡೆಯಿರುವ ದಾರಿಯನ್ನು ಆರಿಸಿಕೊಳ್ಳುವ ಜಾಣತನವೂ ಅದರಲ್ಲಿದೆ.

ಕುಶನ್ನಿಗೆ ತಾಕಿಸಿ ಜೇಬಿಗೆ ಕಳುಹುವ ಹೊಡೆತದಲ್ಲಿ ದ್ರೌಪದೀಸ್ವಯಂವರದ ನೆನಪಾಗದಿರದು. ಕೆಳಗಿನ ನೀರಿನಲ್ಲಿ ಪ್ರತಿಬಿಂಬವನ್ನು ನೋಡಿ ಮೇಲಿನ ಮತ್ಸ್ಯವನ್ನು ಹೊಡೆದನೆಂದು ಕಥೆ ಹೇಳುವವರು ವರ್ಣಿಸುವರು. ಇಲ್ಲಿ ಪ್ರತಿಬಿಂಬವನ್ನೇ ಹೊಡೆಯಬೇಕು. ಕುಶನ್ನು ಒಂದು ಕನ್ನಡಿಯೆಂದು ಭಾವಿಸಿದರೆ, ಜೇಬು ಇತ್ತ ಎಷ್ಟು ದೂರದಲ್ಲಿದೆಯೋ ಅಷ್ಟೇ ದೂರದಲ್ಲಿ ಅತ್ತ ಅದರ ಪ್ರತಿಬಿಂಬವಿರುವುದು. ಚೆಂಡನ್ನು ಆ ಪ್ರತಿಬಿಂಬದ ಕಡೆಗೆ ಕಳುಹಿದರಾಯಿತು. ಕನ್ನಡಿಯನ್ನು ಮಾತ್ರ ಕುಶನ್ನಿನ ಅಂಚಿನಲ್ಲಿ ನಿಲ್ಲಿಸದೆ, ಚೆಂಡಿನ ಅರ್ಧವ್ಯಾಸದಷ್ಟು ಒಳಗೆ ನಿಲ್ಲಿಸಬೇಕು. ಹಿಂದಿರುಗುವಾಗ ಚೆಂಡಿನ ಕೇಂದ್ರವು ಅಲ್ಲಿರುವುದಲ್ಲವೇ? ಬಲವಾಗಿ ಹೊಡೆದರೆ ರಬ್ಬರು ಹೆಚ್ಚು ಅದುಮಿ, ಚೆಂಡು ಕನ್ನಡಿಯ ನಿಯಮಕ್ಕಿಂತ ನೆಟ್ಟಗೆ ಹಿಂದಿರುಗುವುದು. ಆದ್ದರಿಂದ ಕನ್ನಡಿಯು ಮಧ್ಯಮ ವೇಗಕ್ಕೆ ಮಾತ್ರ ಪ್ರಮಾಣ.

ಈಚಿನ ದಶಕಗಳಲ್ಲಿ, ವಿಶೇಷವಾಗಿ ಅಮೆರಿಕೆಯ ಪೂಲ್ ಆಟಗಾರರಲ್ಲಿ, ನಾಲ್ಕಾರು ಸಂಧಾನಗಳಿಂದಲೇ ಎಲ್ಲ ಹೊಡೆತಗಳನ್ನೂ ಸಾಧಿಸಬಹುದೆಂಬ ವಿಧಾನಗಳು ಹೊರಟು, ಹಣಕ್ಕೆ ಮಾರಾಟವಾಗುತ್ತಿವೆ. ಅವುಗಳಿಂದ ಲಾಭ ಪಡೆದವರಿಲ್ಲವೆಂದು ನಾವು ಹೇಳೆವು; ಕೋಲನ್ನು ಹಿಡಿದು ಪ್ರತಿ ಸಲವೂ ಒಂದೇ ಕ್ರಮದಲ್ಲಿ ನಿಲ್ಲುವ ಅಭ್ಯಾಸವೇ ಒಂದು ದೊಡ್ಡ ಲಾಭ. ಆದರೆ ಸೊನ್ನೆಯಿಂದ ತೊಂಬತ್ತು ಡಿಗ್ರಿಗಳವರೆಗೆ ಕೋನಗಳು ನದಿಯ ಪ್ರವಾಹದಂತೆ ಅಖಂಡವಾಗಿರುವಾಗ, ನಾಲ್ಕಾರು ಮೆಟ್ಟಿಲುಗಳಿಂದ ಅದನ್ನೆಲ್ಲ ಅಳೆಯುವುದೆಂತು? ಮೆಟ್ಟಿಲುಗಳ ನಡುವಣ ಅಂತರವನ್ನು ತುಂಬುವುದು ಆಟಗಾರನ ಕಣ್ಣೇ ಹೊರತು ವಿಧಾನವಲ್ಲ. ಅವನಿಗೆ ಅರಿವಿಲ್ಲದೆಯೇ ಅವನ ಕಣ್ಣು ಆ ಕೆಲಸವನ್ನು ಮಾಡಿ, ಕೀರ್ತಿಯನ್ನು ವಿಧಾನಕ್ಕೆ ಬಿಟ್ಟುಕೊಡುವುದು.

ಕಣ್ಣಿನ ವಿಷಯವಾಗಿ ಒಂದು ಮಾತು. ನಮ್ಮ ಎರಡು ಕಣ್ಣುಗಳಲ್ಲಿ ಒಂದು ಸಾಮಾನ್ಯವಾಗಿ ಪ್ರಧಾನವಾಗಿರುವುದು. ಚಾಚಿದ ಹೆಬ್ಬೆರಳನ್ನು ಎರಡು ಕಣ್ಣುಗಳಿಂದಲೂ ನೋಡಿ ದೂರದ ಕಂಬಕ್ಕೆ ಹೊಂದಿಸಿ, ಬಳಿಕ ಒಂದೊಂದೇ ಕಣ್ಣನ್ನು ಮುಚ್ಚಿದರೆ, ಯಾವ ಕಣ್ಣು ತೆರೆದಿದ್ದಾಗ ಬೆರಳು ಕಂಬದ ಮೇಲೆಯೇ ನಿಲ್ಲುವುದೋ ಅದು ಪ್ರಧಾನ. ಕೋಲು ಗದ್ದದ ನಡುವಿನಲ್ಲಿಯೇ ಇರಬೇಕೆಂದು ಹಟಹಿಡಿಯುವ ಶಿಕ್ಷಕರುಂಟು. ೧೯೨೭ರಿಂದ ೧೯೪೬ರವರೆಗೆ ಹದಿನೈದು ಸಲ ಸ್ನೂಕರಿನ ವಿಶ್ವಪ್ರಶಸ್ತಿಯನ್ನು ಗೆದ್ದ ಇಂಗ್ಲೆಂಡಿನ ಜೋ ಡೇವಿಸನಿಗೆ ಬಲಗಣ್ಣಿನ ದೃಷ್ಟಿ ಮಂದವಾಗಿತ್ತು. ಅವನು ಕೋಲನ್ನು ಎಡಗಣ್ಣಿನ ಕೆಳಗೆ ಹಿಡಿದೇ ಆಡಿದನು.

ಮನೆಯಲ್ಲಿ ಮೇಜಿಲ್ಲದವರೂ ಛಾಯಾಕಂದುಕವನ್ನು ಪರೀಕ್ಷಿಸಬಹುದು. ಊಟದ ಮೇಜಿನ ಒಂದು ಮೂಲೆಯನ್ನು ಜೇಬೆಂದು ಗೊತ್ತುಮಾಡಿ, ನಡುವೆ ಒಂದು ನಾಣ್ಯವನ್ನಿಟ್ಟು, ಮೂಲೆಯಿಂದ ಅದರ ಕೇಂದ್ರದ ಮೂಲಕ ಸೀಮೆಸುಣ್ಣದ ಗೆರೆಯನ್ನೆಳೆಯಿರಿ. ಅದೇ ಅಳತೆಯ ಮತ್ತೊಂದು ನಾಣ್ಯವನ್ನು ಗೆರೆಯ ಹಿಂಬದಿಗೆ ತಾಗಿಸಿಟ್ಟು, ಅದರ ಸುತ್ತ ಗೆರೆಯೆಳೆದು ತೆಗೆದುಬಿಡಿ. ಈಗ ಆ ಎರಡನೆಯ ನಾಣ್ಯವನ್ನು ಹಿಂಬದಿಯ ಬೇರೆ ಬೇರೆ ಕಡೆಗಳಿಂದ ಮಕ್ಕಳು ಚಿಮ್ಮಲಿ. ಬರೆದ ವೃತ್ತದೊಳಕ್ಕೆ ಅದು ಸರಿಯಾಗಿ ಹೊಕ್ಕರೆ, ಎಲ್ಲಿಂದ ಬಂದರೂ ಗುರಿನಾಣ್ಯವು ಮೂಲೆಯ ಕಡೆಗೇ ಹೊರಡುವುದು. ಹೊಡೆಯುವ ನಾಣ್ಯವು ಜಾಗ ಬದಲಾಯಿಸಿದರೂ ವೃತ್ತವು ಜಾಗ ಬದಲಾಯಿಸುವುದಿಲ್ಲವೆಂಬುದನ್ನು ಮಕ್ಕಳು ತಾವಾಗಿಯೇ ಕಂಡುಹಿಡಿಯುವಂತೆ ಬಿಡಬೇಕು, ಮೊದಲೇ ಹೇಳಿಬಿಡಬಾರದು. ಕೇರಮ್ಮಿನ ಹಲಗೆಯ ಮೇಲೆ ಇದನ್ನು ಮಾಡುವವರು ಮಾತ್ರ ಅಳತೆಯನ್ನು ಬದಲಿಸಿಕೊಳ್ಳತಕ್ಕದ್ದು. ಸ್ಟ್ರೈಕರು ಸುಮಾರು ೪೧ ಮಿಲಿಮೀಟರು, ಕಾಯಿ ಸುಮಾರು ೩೧ ಮಿಲಿಮೀಟರು ಆದುದರಿಂದ, ಎರಡರ ಕೇಂದ್ರಗಳ ನಡುವಣ ದೂರವು ೩೬ ಮಿಲಿಮೀಟರು ಇರಬೇಕು.